ನಡುವಿನ ಅಳತೆ

ಚಿಕ್ಕಬಳ್ಳಾಪುರದ ಆ ನರ್ಸಿಂಗ್ ಹೋಮಿನ ಮೊದಲ ಮಹಡಿಯ ಬೆಂಚಿನ ಮೇಲೆ ಸಿದ್ಧಾರ್ಥ ಥರ್ಮೋಕೋಲ್ ಡಬ್ಬವೊಂದನ್ನು ಕಾಲಸಂದಿಯಲ್ಲಿಟ್ಟುಕೊಂಡು ಕೂತಿದ್ದ. ಡಬ್ಬದಲ್ಲಿ ಐಸು ಮತ್ತು ಒಂದು ಖಾಲಿ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ. ಆದರೆ ದೊಡ್ಡಮ್ಮ ಓಬಳಮ್ಮನನ್ನು ನೋಡಲು ಬಂದಿದ್ದ ಊರಿನವರೆಲ್ಲ ಬೆಳಿಗ್ಗೆಯಿಂದ ಅದನ್ನು ಮರ್ಯಾದೆಯಿಂದ ನೋಡುತ್ತಿದ್ದರು. ಓಬಳಮ್ಮನ ಮೈದುನನ ಮಗ ಡಾಕ್ಟರು, ಬೆಂಗಳೂರಿಂದ ಯಾವುದೋ ಭಾರೀ ಇಂಜೆಕ್ಷನ್ನು ತಂದಿದ್ದಾನೆ, ಬಿಸಿಲು ತಾಗಿದರೆ ಕೆಡುತ್ತದಂತೆ ಎಂದು ಅವಳ ಪಕ್ಕದ ಮನೆಯ ಆವಲಪ್ಪ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ಅವನು ತಿದ್ದಲಿಲ್ಲ. ತಿದ್ದುವುದಾದರೆ ರಿಸರ್ಚಿಗೆ ಸೇರಿದ ವರ್ಷವೇ ತಿದ್ದಬೇಕಿತ್ತು. ಬಯೋಮೆಡಿಕಲ್ ಎಂಜಿನಿಯರಿಂಗ್ ಎಂಬುದರಲ್ಲಿ ಮೆಡಿಕಲ್ ಮಾತ್ರ ಊರು ತಲುಪಿತ್ತು, ಮಿಕ್ಕದ್ದು ದಾರಿಯಲ್ಲೇ ಉದುರಿಹೋಗಿತ್ತು. ಅಪ್ಪ ಬಯ್ಯಪ್ಪ ಚಿಂತಾಮಣಿಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು, ಬುದ್ಧನ ಪಟ ಬಿಟ್ಟು ಬೇರೆ ಯಾವ ದೇವರನ್ನೂ ಹೊಸಿಲು ದಾಟಿಸದವರು, ಸುಳ್ಳಾಡಬಾರದೆಂಬ ಶೀಲವನ್ನು ಮಗನಿಗೆ ಬಾಯಿಪಾಠ ಮಾಡಿಸಿದವರು. ಅವರೂ ಊರಿಗೆ ಹೋದಾಗ ಈ ಒಂದು ಸುಳ್ಳನ್ನು ಸುಮ್ಮನೆ ಅನುಭವಿಸುತ್ತಿದ್ದರು. ಡಬ್ಬದ ತಳದಲ್ಲಿ ಸಣ್ಣ ಬಿರುಕಿತ್ತು. ನೀರು ತೊಟ್ಟಿಕ್ಕಿ ಅವನ ಚಪ್ಪಲಿಯ ಪಕ್ಕ ಹರಡುತ್ತಿತ್ತು. ನೆಲ ಒರೆಸುವ ಹೆಂಗಸು ಎರಡು ಸಲ ಒರೆಸಿ, ಮೂರನೇ ಸಲ ಅವನ ಮುಖ ನೋಡಿದಳು.

ಅವನು ಓದುತ್ತಿದ್ದುದು ಮೂಳೆಯನ್ನೇ, ಆದರೆ ಕಂಪ್ಯೂಟರಿನಲ್ಲಿ. ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದು ಕುಡಿದು ಗಡುಸಾದ ಮೂಳೆ ಎಷ್ಟು ಭಾರ ಹೊರುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಮುಂಚಿತವಾಗಿ ಹೇಳುವ ಮಾಡೆಲ್ ಕಟ್ಟಬೇಕಿತ್ತು. ತೊಡೆಮೂಳೆಯ ಮೇಲ್ತುದಿಯಲ್ಲಿ, ಸೊಂಟದ ಕುಳಿಯೊಳಗೆ ಕೂರುವ ಗುಂಡು ತಲೆಯಿದೆಯಲ್ಲ, ಅದರೊಳಗೆ ಗಟ್ಟಿ ಮೂಳೆ ಇರುವುದಿಲ್ಲ, ಬಲೆ ಇರುತ್ತದೆ. ಕೂದಲಿಗಿಂತ ತುಸು ದಪ್ಪದ ಎಳೆಗಳು, ಎಳೆಗಳ ನಡುವೆ ಸಾಸಿವೆ ಕೂರುವಷ್ಟು ಕಿಂಡಿಗಳು. ಒಂದೊಂದು ಎಳೆಯನ್ನೂ ಲೆಕ್ಕಕ್ಕೆ ಹಿಡಿದರೆ ಡಿಪಾರ್ಟ್‌ಮೆಂಟಿನ ಕಂಪ್ಯೂಟರು ಅಲ್ಲೇ ಕೂತುಬಿಡುತ್ತಿತ್ತು. ಅದಕ್ಕೇ ಒಂದು ಚೌಕದ ತುಂಡು ಆರಿಸಿಕೊಂಡು, ಅದನ್ನು ಮಾತ್ರ ಎಳೆಎಳೆಯಾಗಿ ಲೆಕ್ಕ ಹಾಕಿ, ಇಡೀ ಮೂಳೆ ಅಂಥದೇ ತುಂಡುಗಳಿಂದ ಆಗಿದೆ ಎಂದು ತಿಳಿದು ಮುಂದುವರಿಯುವುದು ರೂಢಿ. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯೆಂದು ಹೇಳುವ ಹಾಗೆ. ಷರತ್ತು ಒಂದೇ: ತುಂಡು ಎಳೆಗಿಂತ ಬಹಳ ದೊಡ್ಡದಿರಬೇಕು, ಮೂಳೆಗಿಂತ ಬಹಳ ಚಿಕ್ಕದಿರಬೇಕು. ಈ ಎರಡರ ನಡುವೆ ಒಂದು ಅಳತೆ ಸಿಕ್ಕಿದರೆ ಮಾಡೆಲ್ ಉಂಟು, ಸಿಗದಿದ್ದರೆ ಇಲ್ಲ. ಕಾಲಕ್ಕೂ ಇದೇ ಕಟ್ಟಳೆ. ಹೆಜ್ಜೆ ಒಂದು ಗಳಿಗೆಯದು, ಮೂಳೆ ಕರಗಿ ಹೊಸದಾಗುವುದು ತಿಂಗಳುಗಳದು, ನೀರು ಮೂಳೆಗಿಳಿಯುವುದು ಒಂದು ಆಯುಷ್ಯದ್ದು. ಅವನ ಗೈಡ್ ಹರಿಣಿ ಮೇಡಂ ಹಾಳೆಯ ಮೇಲೆ ಮೂರು ಪೆಟ್ಟಿಗೆ ಬರೆಸುತ್ತಿದ್ದರು. ಒಂದಕ್ಕೊಂದು ತಾಗಬಾರದು. ತಾಗಿದ ಕಡೆಯೆಲ್ಲ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಒಂದು ಎಲ್ಲಿ ಮುಗಿಯುತ್ತೆ, ಇನ್ನೊಂದು ಎಲ್ಲಿ ಶುರುವಾಗುತ್ತೆ ತೋರಿಸಪ್ಪ, ಆಮೇಲೆ ಮಾತಾಡೋಣ ಎನ್ನುತ್ತಿದ್ದರು. ಕೆಟ್ಟವರಲ್ಲ. ಅವರು ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಅವನ ಪೆಟ್ಟಿಗೆಗಳು ತಾಗುತ್ತಲೇ ಇದ್ದವು. ಯಾಕೆಂದರೆ ಅವನ ಬಳಿ ಇದ್ದುದು ಯಾವುದೋ ಚಳಿದೇಶದ, ಒಳ್ಳೆ ನೀರು ಕುಡಿದು ಸತ್ತ ಗಂಡಸರ ಮೂಳೆಯ ಅಂಕಿಗಳು. ಅವಕ್ಕೆ ಫ್ಲೋರೈಡನ್ನು ಕಾಗದದ ಮೇಲೆಯೇ ಕುಡಿಸಿದ್ದ. ಕಳೆದ ಸೆಮಿನಾರಿನಲ್ಲಿ ಕಮಿಟಿಯ ಹಿರಿಯರೊಬ್ಬರು ಕನ್ನಡಕ ತೆಗೆದು, ಇದು ಯಾರ ಮೂಳೆ ಎಂದು ಕೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಉತ್ತರ ಕೊಡಲು ಬಾಯಿ ತೆರೆದು, ತನ್ನ ಹಲ್ಲಿನ ಕಂದು ಗೆರೆಗಳು ಪ್ರೊಜೆಕ್ಟರಿನ ಬೆಳಕಿಗೆ ಬಿದ್ದವೆನ್ನಿಸಿ ಅರ್ಧಕ್ಕೇ ಮುಚ್ಚಿದ. ಚಿಕ್ಕಂದಿನಲ್ಲಿ ಕುಡಿದ ಊರ ನೀರು, ಮಂಡಿಕಲ್ ಕಡೆಯ ಫ್ಲೋರೈಡ್ ನೀರು, ಅವನ ಬಾಯಲ್ಲೇ ಗೆರೆ ಬರೆದಿತ್ತು. ಆ ಸಭೆಯಲ್ಲಿದ್ದ ಒಂದೇ ನಿಜವಾದ ಸಾಕ್ಷಿ ಅದು, ಅದನ್ನು ತೋರಿಸಲು ನಾಚಿಕೆ. ಕಮಿಟಿ ತೀರ್ಮಾನ ಬರೆಯಿತು: ಈ ಸೆಮಿಸ್ಟರು ಮುಗಿಯುವುದರೊಳಗೆ ಇಂಥ ನೀರು ಕುಡಿದವರ ನಿಜವಾದ ಮೂಳೆಯೊಂದನ್ನು ಪರೀಕ್ಷಿಸಿ ತೋರಿಸಬೇಕು, ಇಲ್ಲವಾದರೆ ವಿಷಯ ಕೈಬಿಡಬೇಕು. ಕೈಬಿಡುವುದೆಂದರೆ ಇಷ್ಟು ವರ್ಷವನ್ನೂ ಬಿಟ್ಟ ಹಾಗೆ.

ಆಗ ಫೋನು ಬಂದಿತ್ತು. ದೊಡ್ಡಮ್ಮನ ಮಗಳು ಕವಿತಕ್ಕ, ಗೌರಿಬಿದನೂರಿಗೆ ಕೊಟ್ಟವಳು, ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಹೋಗುವವಳು, ಅಮ್ಮ ಮಂಡಿಕಲ್ಲಿನಲ್ಲಿ ಬಸ್ಸಿನ ಮೆಟ್ಟಿಲಿಂದ ಬಿದ್ದಳು ಕಣೋ, ಎದ್ದು ಕೂರಕ್ಕಾಗ್ತಿಲ್ಲ ಎಂದು ಅಳುತ್ತಿದ್ದಳು. ಅವನ ಬಾಯಿಂದ ಮೊದಲು ಬಂದ ಮಾತು, ಎಲ್ಲಿ ಮುರಿದಿದೆ, ಗುಂಡಿನ ಕತ್ತಿನಲ್ಲಾ, ಕೆಳಗಾ, ಎಂಬುದು. ಕತ್ತಿನಲ್ಲಿ ಮುರಿದರೆ ಗುಂಡನ್ನು ತೆಗೆದು ಸ್ಟೀಲಿನದನ್ನು ಕೂರಿಸುತ್ತಾರೆ. ಕೆಳಗೆ ಮುರಿದರೆ ರಾಡು ಹಾಕಿ ಹೊಲಿಯುತ್ತಾರೆ, ಏನೂ ತೆಗೆಯುವುದಿಲ್ಲ. ಕವಿತಕ್ಕ ಎಕ್ಸ್-ರೇ ಹಿಡಿದವನನ್ನು ಕೇಳಿ ಹೇಳುವವರೆಗೆ ಅವನು ಹಾಸ್ಟೆಲಿನ ಮೆಟ್ಟಿಲ ಮೇಲೆ ಫೋನನ್ನು ಕಿವಿಗೊತ್ತಿಕೊಂಡು, ಕತ್ತೇ ಆಗಿರಲಿ, ಕತ್ತೇ ಆಗಿರಲಿ ಎಂದುಕೊಳ್ಳುತ್ತಿದ್ದ. ಕತ್ತು ಎಂದಳು. ಅವನ ಎದೆಯೊಳಗೆ ಏನೋ ಹಗುರಾಯಿತು. ಆ ಹಗುರವನ್ನು ಅವನು ಅವತ್ತಿನಿಂದ ಹೊತ್ತು ತಿರುಗುತ್ತಿದ್ದ. ಕವಿತಕ್ಕನಂತೂ, ನೋಡು, ಡಾಕ್ಟರಾದೋನು ಹೆಂಗೆ ಸರ್ಯಾಗಿ ಕೇಳ್ದ ಎಂದು ಗಂಡನಿಗೆ ಹೇಳಿದ್ದು ಅವನಿಗೆ ಕೇಳಿಸಿತ್ತು.

ಆಪರೇಷನ್ನಿಗೆ ಮುಂಚೆ ಡಾಕ್ಟರ್ ಅಬ್ದುಲ್ ಸತ್ತಾರ್ ಅವನನ್ನು ರೂಮಿಗೆ ಕರೆದು ಎಕ್ಸ್-ರೇ ತೋರಿಸಿದರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯಿಂದ ಓದಿ ಮೇಲೆ ಬಂದವರು, ಮಾತಿನಲ್ಲಿ ಬಿಗುಮಾನವಿಲ್ಲ. ಗುಂಡು ಕೊಡುವುದಕ್ಕೆ ಅವರ ಅಡ್ಡಿಯಿರಲಿಲ್ಲ, ಹೇಗೂ ಬಕೆಟ್ಟಿಗೆ ಹೋಗುವ ವಸ್ತು. ಆದರೆ ಆಯಮ್ಮ ತಾನಾಗಿ ಒಪ್ಪಬೇಕು, ಯಾಕೆ ಬೇಕು ಅಂತ ನೀವೇ ಹೇಳಬೇಕು, ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು ಎಂದರು. ಆಮೇಲೆ ಪೆನ್ನಿನ ತುದಿಯಿಂದ ಎಕ್ಸ್-ರೇಯ ಮೇಲೆ ತಟ್ಟಿ ಕೇಳಿದರು:

"ನೋಡಿ, ಈ ಮೂಳೆ ಸೀಮೆಸುಣ್ಣದ ಕಡ್ಡಿ ಹಂಗೆ. ಗಟ್ಟಿ, ಆದ್ರೆ ಪಟ್ಟಂತ ಒಡೀತದೆ. ನಾನು ಸ್ಟೀಲು ಗುಂಡಿನ ಕಡ್ಡಿ ತೊಡೆಮೂಳೆ ಒಳಗೆ ಹೊಡೆಯೋವಾಗ ಸೀಳ್ತದಾ, ಇಲ್ವಾ? ನಿಮ್ಮ ಮಾಡೆಲ್ ಏನು ಹೇಳ್ತದೆ?"

"ಇನ್ನೂ ಆ ಮಟ್ಟಕ್ಕೆ ಬಂದಿಲ್ಲ ಸಾರ್."

"ಪರವಾಗಿಲ್ಲ ಬಿಡಿ," ಎಂದರು ಸತ್ತಾರ್. ಮನೆ ಬಾಗಿಲಿಗೆ ಬಂದ ಮಿಕ್ಸಿ ಮಾರುವವನಿಗೆ ಬೇಡವೆನ್ನುವ ದನಿಯಲ್ಲಿ, ನೋವಾಗದ ಹಾಗೆ. "ಕೈಯಲ್ಲೇ ನೋಡ್ಕೊಂಡು ಹೊಡೀತೀನಿ."

ವಾರ್ಡಿನಲ್ಲಿ ಓಬಳಮ್ಮ ಅಂಗಾತ ಮಲಗಿದ್ದಳು. ಎಷ್ಟೋ ವರ್ಷದಿಂದ ಅವಳ ಕತ್ತು ತಿರುಗುತ್ತಿರಲಿಲ್ಲ, ಬೆನ್ನು ಬಾಗುತ್ತಿರಲಿಲ್ಲ. ಯಾರಾದರೂ ಕರೆದರೆ ಮೈಯೆಲ್ಲ ತಿರುಗಿಸಿ ನೋಡುವವಳು. ಈಗ ಮೈಯೂ ತಿರುಗದೆ ಕಣ್ಣಷ್ಟೇ ಹೊರಳಿತು. ಅವನ ಮಾಡೆಲ್ಲಿನಲ್ಲಿ ಒಂದು ಸಾಲಿತ್ತು: ಮೂಳೆ ನಿಧಾನವಾಗಿ ಬದಲಾಗುವಾಗ ನಡಿಗೆ ಬದಲಾಗುವುದಿಲ್ಲವೆಂದು ಇಟ್ಟುಕೊಳ್ಳಿ. ಅದನ್ನು ಬರೆದ ದಿನ ಅವನು ದೊಡ್ಡಮ್ಮನನ್ನು ನೆನೆಸಿಕೊಂಡಿರಲಿಲ್ಲ. ಅವಳ ಮೂಳೆ ಗಡುಸಾದಷ್ಟೂ ಅವಳು ಬೇರೆ ಥರ ಕೂತಳು, ಬೇರೆ ಥರ ಎದ್ದಳು, ಕೊಡವನ್ನು ಸೊಂಟದ ಇನ್ನೊಂದು ಮಗ್ಗುಲಿಗೆ ಬದಲಾಯಿಸಿದಳು, ಬಸ್ಸಿನ ಮೆಟ್ಟಿಲನ್ನು ಕಾಣದೆ ಕಾಲಿನಿಂದ ತಡಕಿ ಹತ್ತಿದಳು. ಕೊನೆಗೆ ಒಂದು ಗಳಿಗೆಯ ಹೆಜ್ಜೆ ಒಂದು ಆಯುಷ್ಯದ ನೀರಿನ ಮೇಲೆ ಬಿತ್ತು. ಯಾವ ಪೆಟ್ಟಿಗೆ ಎಲ್ಲಿ ಮುಗಿಯಿತು? ಅವನು ಮಂಚದ ತುದಿಯಲ್ಲಿ ಕೂತು, ಬಸ್ಸಿನಲ್ಲಿ ಬರುವಾಗ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಹುಡುಕಿದ. ಮಾತು ಸಿಗುವ ಮುಂಚೆ ಅವಳೇ ಶುರುಮಾಡಿದಳು.

"ಸಿದ್ದಾ, ಬಂದ್ಯೇನಪ್ಪ. ಒಳಗಿನ ಮೂಳೆ ಕಿತ್ತು ಬಿಸಾಕ್ಬಿಡ್ತಾರಂತಲ್ಲೋ. ನರಸಮ್ಮನೋರು ಹೇಳಿದ್ರು."

"ನರ್ಸಮ್ಮ," ಎಂದ ಅವನು, ಏನಾದರೂ ಹೇಳಬೇಕೆಂದು.

"ಯಾವಮ್ಮನೋ. ನೀನು ಹೇಳಿದ್ರೆ ಡಾಕ್ಟ್ರು ಕೇಳ್ತಾರೆ. ಇಸ್ಕೊಂಡು ಬಾ ನನ್ನಪ್ಪ. ನಿಮ್ಮ ದೊಡ್ಡಪ್ಪನ ಪಕ್ಕ ಹಾಕ್ಬೇಕು. ಇವತ್ತೇ, ಹೊತ್ತು ಮುಳುಗೋದ್ರೊಳಗೆ."

ಅವನಿಗೆ ನೆನಪಿತ್ತು. ದೊಡ್ಡಪ್ಪ ಮುನಿಗಂಗಪ್ಪನ ಕಾಲನ್ನು ಸಕ್ಕರೆ ಕಾಯಿಲೆಗೆ ತೆಗೆದಾಗ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲೇ ಊರಿಗೆ ತಂದಿದ್ದರು. ಕೇರಿಯ ಗುಂಡುತೋಪಿನ ಹಿಂದೆ ಹೂಳುವ ಜಾಗದಲ್ಲಿ ಒಂದು ಗುಂಡಿ ತೋಡಿ ಕಾಲನ್ನು ಮೊದಲು ಮಲಗಿಸಿದರು. ಎರಡು ವರ್ಷಕ್ಕೆ ಮನುಷ್ಯ ಹೋಗಿ ಅದರ ಪಕ್ಕ ಮಲಗಿದ. ಮೈಯಿಂದ ಬಿದ್ದದ್ದು ಬೇರೆ ಕಡೆ ಉಳಿದರೆ ಸತ್ತವನು ಅದನ್ನು ಹುಡುಕಿಕೊಂಡು ಅಲೆಯುತ್ತಾನೆ ಎಂಬುದು ಮಾತು. ಅಪ್ಪ ಆವತ್ತು ಅಲ್ಲೇ ನಿಂತು, ಇದೆಲ್ಲ ಮೌಢ್ಯ ಎಂದು ಭಾಷಣ ಮಾಡಿದ್ದರು. ದೊಡ್ಡಮ್ಮ, ಆಯ್ತು ಬಿಡಪ್ಪ ಮೇಷ್ಟ್ರೇ, ಒಂದು ಕೈ ಮಣ್ಣು ಹಾಕು ಎಂದಿದ್ದಳು. ಅಪ್ಪ ಹಾಕಿದ್ದರು. ಈಗ ಅದೇ ಮಾತು ಅವನ ಕೆಲಸವನ್ನು ತಾನಾಗಿಯೇ ಮಾಡಿಕೊಡುತ್ತಿತ್ತು. ಮೂಳೆಯನ್ನು ಅವನ ಕೈಗೇ ಕೊಡಿ ಎಂದು ಅವಳೇ ಹೇಳುತ್ತಿದ್ದಳು. ಅವನು ಯಾವ ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ಹೂಂ ಎಂದರೆ ಸಾಕಿತ್ತು. ಹೂಂ ಎಂದ. ಹೊರಗೆ ಬಂದು ಸತ್ತಾರ್ ಅವರಿಗೆ, ಒಪ್ಪಿದ್ದಾರೆ ಸಾರ್ ಎಂದ. ಎಲ್ಲಾ ಹೇಳಿದ್ರಾ ಎಂದು ಅವರು ಕೈಗವಸು ಹಾಕಿಕೊಳ್ಳುತ್ತಾ ಕೇಳಿದ್ದಕ್ಕೂ ಹೂಂ ಎಂದ. ಎರಡನೆಯದು ಮೊದಲನೆಯದರಷ್ಟು ಸಲೀಸಾಗಿರಲಿಲ್ಲ.

ಥಿಯೇಟರಿನ ಬಾಗಿಲ ಮೇಲಿನ ದೀಪ ಹತ್ತಿಕೊಂಡಿತು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೆ, ಮನುಷ್ಯರಿಗೆ ಎಚ್ಚರವಿರುತ್ತದೆ ಎಂದು ಕವಿತಕ್ಕನಿಗೆ ವಿವರಿಸುತ್ತಿರುವಾಗಲೇ ಒಳಗಿಂದ ಸುತ್ತಿಗೆಯ ಸದ್ದು ಕೇಳಿತು. ಬಡಗಿಯ ಅಂಗಡಿಯ ಸದ್ದಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಪ್ರತಿ ಏಟಿಗೂ ಅವನು ಸೀಳುವ ಶಬ್ದಕ್ಕಾಗಿ ಕಾದ. ನನ್ನ ಲೆಕ್ಕ ಸರಿಯಿದ್ದಿದ್ದರೆ ಈ ಏಟುಗಳನ್ನು ಎಷ್ಟು ಜೋರಾಗಿ ಹೊಡೆಯಬಹುದೆಂದು ಒಂದು ಅಂಕಿ ಬರೆದು ಕೊಡಬಹುದಿತ್ತು ಎಂದುಕೊಂಡ. ಇದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಸಮರ್ಥನೆಗಳಲ್ಲಿ ಒಳ್ಳೆಯದು. ಇದನ್ನು ಹಿಡಿದುಕೊಂಡು ಅವನು ಇನ್ನೊಂದು ಲೆಕ್ಕ ಶುರುಮಾಡಿದ. ಬೆಂಗಳೂರಿನ ಸ್ಕ್ಯಾನರಿನ ಕೊಳವೆಯೊಳಗೆ ಹೆಬ್ಬೆರಳಿಗಿಂತ ದಪ್ಪದ್ದು ಹೋಗುವುದಿಲ್ಲ, ಹಿಸುಕಿ ನೋಡುವ ಯಂತ್ರಕ್ಕೂ ತುಂಡೇ ಬೇಕು. ಹಾಗಾದರೆ ಇಡೀ ಗುಂಡು ಯಾಕೆ? ಕತ್ತರಿಸಿದ ಬದಿಯಿಂದ ಒಂದು ಚೌಕ ತೆಗೆದುಕೊಂಡರೆ, ಕಡಲೆಕಾಯಿ ಬೀಜದಷ್ಟು, ಮಿಕ್ಕದ್ದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ, ಯಾರಿಗೆ ಗೊತ್ತಾಗಬೇಕು? ಹಲ್ಲು ಬಿದ್ದಾಗ, ಉಗುರು ಕತ್ತರಿಸಿದಾಗ ಯಾರೂ ಹೂಳುವುದಿಲ್ಲ. ಕಾಲನ್ನು ಹೂಳುತ್ತಾರೆ. ಅವೆರಡರ ನಡುವೆ ಎಲ್ಲೋ ಒಂದು ಕಡೆ ದೊಡ್ಡಮ್ಮ ಶುರುವಾಗುತ್ತಾಳೆ. ಅದಕ್ಕಿಂತ ಚಿಕ್ಕದನ್ನು ತೆಗೆದುಕೊಂಡರೆ ಅದು ಬರೀ ಮೂಳೆ, ಕಳ್ಳತನವಲ್ಲ. ಅವನು ಗೋಡೆಗೆ ತಲೆಯಾನಿಸಿ ಆ ಅಳತೆಯನ್ನು ಹುಡುಕುತ್ತಿದ್ದ, ಗಂಭೀರವಾಗಿ, ಥೀಸಿಸ್ಸಿನ ಅಧ್ಯಾಯವೊಂದನ್ನು ಯೋಚಿಸುವಷ್ಟೇ ಗಂಭೀರವಾಗಿ. ಪಕ್ಕದಲ್ಲಿ ಕವಿತಕ್ಕ ಸುತ್ತಿಗೆಯ ಸದ್ದು ಕೇಳಲಾರದೆ ಕಿವಿ ಮುಚ್ಚಿಕೊಂಡಿದ್ದಳು.

ಮೂಳೆ ಸೀಳಲಿಲ್ಲ. ಸತ್ತಾರ್ ಹೊರಗೆ ಬಂದು, ಅಲ್ಲಾನ ದಯೆ, ಕೂತುಕೊಂಡ್ತು ಎಂದು ಕವಿತಕ್ಕನಿಗೆ ಹೇಳಿ, ಅವನ ಕಡೆ ತಿರುಗಿ ಸ್ಟೀಲಿನ ಬಟ್ಟಲೊಂದನ್ನು ಕೊಟ್ಟರು. ಸಿದ್ಧಾರ್ಥ ಅದನ್ನು ಡ್ರೆಸ್ಸಿಂಗ್ ರೂಮಿನ ಸಿಂಕಿಗೆ ಒಯ್ದು ನೀರಿನಲ್ಲಿ ತೊಳೆದ. ಚಿತ್ರಗಳಲ್ಲಿ ಮಾತ್ರ ಕಂಡಿದ್ದ ವಸ್ತು ಅಂಗೈಯಲ್ಲಿತ್ತು. ಇಷ್ಟು ಭಾರವಿರುತ್ತದೆಂದು ಯಾವ ಚಿತ್ರವೂ ಹೇಳಿರಲಿಲ್ಲ. ಮುರಿದ ಬದಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಲ್ಲಿ ಬಲೆ ಇರಲಿಲ್ಲ. ಒಂದು ಮಗ್ಗುಲಲ್ಲಿ ಎಳೆಗಳೆಲ್ಲ ಬೆಸೆದುಕೊಂಡು ಹುಣಿಸೆ ಬೀಜದಷ್ಟು ಸುಣ್ಣದ ಗಡ್ಡೆ, ಅದರ ಪಕ್ಕದಲ್ಲೇ ಬೆರಳುಗುರು ಇಳಿಯುವ ಪೊಳ್ಳು, ಮತ್ತೆ ಗಡ್ಡೆ, ಆಚೆಗೆ ಕಡಲೆಪುರಿಯ ಹಾಗೆ ಟೊಳ್ಳು. ಇಲ್ಲಿ ಒಂದು ಚೌಕ ತೆಗೆದರೆ ಇಡೀ ಮೂಳೆ ಕಲ್ಲು ಎನ್ನುತ್ತದೆ. ಒಂದು ಬೆರಳು ಸರಿದು ತೆಗೆದರೆ ಇಡೀ ಮೂಳೆ ಪುರಿ ಎನ್ನುತ್ತದೆ. ಎರಡನ್ನೂ ಹಿಡಿಸಬೇಕೆಂದು ಚೌಕವನ್ನು ಮನಸ್ಸಿನಲ್ಲೇ ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಚೌಕದ ಮೂಲೆಗಳು ಗುಂಡಿನಾಚೆಗೆ ಹೋದವು. ಅವನಿಗೆ ನಗು ಬಂತು, ನಗುವಿಗಿಂತ ಸಿಟ್ಟೇ ಜಾಸ್ತಿ ಬಂತು. ಇಷ್ಟು ವರ್ಷ ತನ್ನ ಪೆಟ್ಟಿಗೆಗಳು ತಾಗುತ್ತಿದ್ದುದು ತನ್ನ ದಡ್ಡತನದಿಂದಲ್ಲ. ಈ ಮೂಳೆಯಲ್ಲಿ ನಡುವಿನ ಅಳತೆಯೇ ಇಲ್ಲ. ಅದನ್ನು ತೋರಿಸುವುದಕ್ಕಾದರೂ ಇಡೀ ಗುಂಡನ್ನು ತುಂಡು ತುಂಡಾಗಿ ಕೊಯ್ದು ಎಲ್ಲವನ್ನೂ ಸ್ಕ್ಯಾನು ಮಾಡಬೇಕು. ಕಡಲೆಬೀಜದಷ್ಟು ಕದ್ದರೆ ಕದ್ದದ್ದಷ್ಟೇ ಆಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬೇಕಾದರೆ ಪೂರ್ತಿ ಬೇಕು, ಇಲ್ಲವೆಂದರೆ ಏನೂ ಇಲ್ಲ.

ಕವಿತಕ್ಕ ಹೊಸ ಬಿಳಿ ಟವಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾಲ್ಕು ಗಂಟೆ ಬಸ್ಸು ಹಿಡಿದರೆ ಹೊತ್ತಿರುವಾಗಲೇ ತಲುಪಬಹುದು, ಈ ಮನೇಲಿ ಮಗ ಅಂತ ಇರೋದು ನೀನೊಬ್ಬನೇ, ಗುಂಡಿ ನೀನೇ ತೆಗೀಬೇಕು ಎಂದಳು. ಅವನು ಟವಲು ತೆಗೆದುಕೊಳ್ಳಲಿಲ್ಲ. ತನಗೆ ಈ ಮೂಳೆ ಬೇಕು, ಓದಿಗೆ ಬೇಕು ಎಂದು, ಡಬ್ಬ ತಂದದ್ದು ಅದಕ್ಕೇ ಎಂದು, ಸಿಂಕಿನ ನಲ್ಲಿಯನ್ನು ನೋಡುತ್ತಾ ಹೇಳಿದ. ಕವಿತಕ್ಕ ಕೂಗಾಡುತ್ತಾಳೆಂದುಕೊಂಡಿದ್ದ. ಅವಳು ಟವಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಫ್ಯಾಕ್ಟರಿಯಲ್ಲಿ ಸೂಪರ್‌ವೈಸರನ ಮುಂದೆ ನಿಲ್ಲುವ ಹಾಗೆ ನೆಟ್ಟಗೆ ನಿಂತು ಹೇಳಿದಳು:

"ನನ್ನ ಸೊಂಟದ್ದಲ್ಲ ಕಣೋ ಅದು. ಹೋಗಿ ಅವ್ಳನ್ನ ಕೇಳು. ಎಚ್ಚರವಾಗೇ ಅವ್ಳೆ."

ಅವನು ಬಟ್ಟಲು ಹಿಡಿದು ವಾರ್ಡಿಗೆ ಹೋದ. ದೊಡ್ಡಮ್ಮನ ಕಾಲುಗಳಿಗೆ ಇನ್ನೂ ಜೋಮು ಬಿಟ್ಟಿರಲಿಲ್ಲ. ಅಯ್ಯೋ ನಾಯನಾ, ಬಡಗೀನೂ ಅಷ್ಟು ಬಡಿಯಲ್ಲ ಕಣೋ ಎಂದು ನಕ್ಕಳು. ಅವಳಿಗೆ ತಲೆಯೆತ್ತಿ ನೋಡಲಾಗದಿದ್ದರಿಂದ ಅವನು ಮೂಳೆಯನ್ನು ಅವಳ ಮುಖದ ಮೇಲೆ, ಮಗುವಿಗೆ ಗಿಲಕಿ ತೋರಿಸುವವರ ಹಾಗೆ ಎತ್ತಿ ಹಿಡಿಯಬೇಕಾಯಿತು. ಅವಳು ದಿಟ್ಟಿಸಿ ನೋಡಿದಳು. ಇಷ್ಟೇನಾ ಎಂದಳು.

"ದೊಡ್ಡಮ್ಮ, ಇದು ನನಗೆ ಬೇಕು. ಪೂರ್ತಿ."

"ನನ್ ಕಾಲಿಗೇನಾದ್ರೂ ಮಾಡ್ತೀಯೇನಪ್ಪ ಅದ್ರಲ್ಲಿ?"

"ಇಲ್ಲ. ನನ್ನ ಓದಿಗೆ. ಮುಂದಿನೋರಿಗೆ ಉಪಯೋಗ ಆಗಬಹುದು. ನಾನು ಡಾಕ್ಟರಲ್ಲ ದೊಡ್ಡಮ್ಮ, ಎಂಜಿನಿಯರು."

ಇದನ್ನು ಹೇಳಿದಾಗ ಏನೋ ಕಳಚಿಕೊಳ್ಳುತ್ತದೆಂದು ಅವನು ಎಣಿಸಿದ್ದ. ಏನೂ ಕಳಚಲಿಲ್ಲ. ಅವನ ತೋಳು ಸೋಲುತ್ತಿತ್ತು, ಮೂಳೆಯಿಂದ ಒಂದು ಹನಿ ನೀರು ಅವಳ ಕೆನ್ನೆಯ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಎಂಜಿನಿಯರು ಎಂಬ ಪದ ಅವಳನ್ನು ಮುಟ್ಟಿದ ಹಾಗೂ ಕಾಣಲಿಲ್ಲ.

"ಈ ಕಾಲಿಟ್ಕೊಂಡು ಎಷ್ಟು ವರ್ಷ ಕುಂಟಿದೀನಿ ನಾನು. ಚಿಂತಾಮಣಿಗೆ ಬಂದು ನಿಮ್ಮ ಜಗಲಿ ಮೇಲೆ ಕೂತ್ಕೊಂಡಾಗ ಒಂದಿನ ಬಂದು ನೋಡಿದ್ಯಾ? ಮೈಮೇಲೆ ಇದ್ದಾಗ ಬೇಡವಾಗಿತ್ತು, ಕಿತ್ತ ಮೇಲೆ ಬೇಕಾಯ್ತಾ ನಿನಗೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಂತೆಯಲ್ಲಿ ಬೆಲೆ ಕೇಳಿ ಮುಂದೆ ಹೋಗುವವರ ದನಿ ಅದು. "ಕವಿತ ಕೈಗೆ ಕೊಡು."

ಇನ್ನೊಂದು ಸಲ ಕೇಳಬಹುದಿತ್ತು. ಫ್ಲೋರೈಡು, ಮಕ್ಕಳ ಹಲ್ಲು, ಮುಂದಿನ ಪೀಳಿಗೆ ಎಂದೆಲ್ಲ ಹೇಳಬಹುದಿತ್ತು. ಅದೆಲ್ಲ ನಿಜವೂ ಆಗಿತ್ತು. ಸತ್ತಾರ್ ಅವರ ಮುಂದೆ ಹೂಂ ಎಂದದ್ದರ ಬಲದ ಮೇಲೆ ಸುಮ್ಮನೆ ಬಸ್ಸು ಹತ್ತಿಬಿಡಬಹುದಿತ್ತು. ಅವನು ಮೂಳೆಯನ್ನು ಟವಲಿಗೆ ಹಾಕಿದ. ಕೊಟ್ಟೆನಲ್ಲ ಎಂಬ ನೆಮ್ಮದಿ ಬರಲಿಲ್ಲ. ಬಂದದ್ದು ಬರೀ ರೇಗು: ಅವಳ ಮೇಲೆ, ಅಪ್ಪನ ಮೇಲೆ, ಕೆಂಪು ಪೆನ್ನಿನ ಮೇಲೆ, ಕಡಲೆಬೀಜದಷ್ಟು ಸಾಕೆಂದು ಅರ್ಧ ಗಂಟೆಯಾದರೂ ನಂಬಿದ್ದ ತನ್ನ ಮೇಲೆ. ಡಬ್ಬವನ್ನು ಬೆಂಚಿನ ಕೆಳಗೇ ಬಿಟ್ಟ. ಆವಲಪ್ಪ ಹಿಂದೆಯೇ ಓಡಿ ಬಂದು, ಇಂಜೆಕ್ಷನ್ನು ಮರೆತೆಯಲ್ಲಪ್ಪ ಎಂದ. ಅದು ಮುಗೀತು ಎಂದ ಸಿದ್ಧಾರ್ಥ.

ಗುಂಡುತೋಪಿನ ಹಿಂದಿನ ನೆಲ ಜಲ್ಲಿ ಬೆರೆತ ಕೆಂಪು ನೆಲ. ಹಾರೆ ಹಾಕಿದರೆ ಕಿಡಿ ಬರುವಂಥದ್ದು. ಮುನಿಗಂಗಪ್ಪನ ತಲೆಯ ಹತ್ತಿರ ನೆಟ್ಟ ಚಪ್ಪಡಿ ಒಂದು ಕಡೆಗೆ ವಾಲಿತ್ತು. ಅದರ ಪಕ್ಕ, ಮುಂದೆ ಅವಳು ಮಲಗಬೇಕಾದ ಜಾಗ ಬಿಟ್ಟು, ಒಂದು ಮಗ್ಗುಲಿಗೆ ಕವಿತಕ್ಕ ಕಾಲಿನಿಂದ ಗೆರೆ ಎಳೆದು ತೋರಿಸಿದಳು. ಹೊತ್ತು ಇನ್ನೂ ಇತ್ತು. ಸಿದ್ಧಾರ್ಥ ಅಂಗಿ ಬಿಚ್ಚಿ ಕೊಂಬೆಗೆ ತೂಗುಹಾಕಿ ಅಗೆಯತೊಡಗಿದ. ಹಾಸ್ಟೆಲಿನ ಅಂಗೈಗೆ ಬೇಗನೆ ಬೊಬ್ಬೆ ಎದ್ದಿತು. ಮೊಣಕಾಲುದ್ದ ಆದಾಗ ಕವಿತಕ್ಕ, ನಾಯಿ ಕೆದಕದಂಗೆ ಇನ್ನೊಂದು ಚೂರು ತೆಗಿ ಎಂದಳು. ತೆಗೆದ. ಬಸ್ಸಿನಲ್ಲಿ ಬರುವಾಗ, ಟವಲು ಕವಿತಕ್ಕನ ಮಡಿಲಲ್ಲಿ ಅಲುಗಾಡುತ್ತಿರುವಾಗ, ಅವನಿಗೊಂದು ಯೋಚನೆ ಬಂದಿತ್ತು. ಮಣ್ಣಿನಲ್ಲಿಟ್ಟ ಮೂಳೆಗೆ ಒಂದೆರಡು ವಾರದಲ್ಲಿ ಏನೂ ಆಗುವುದಿಲ್ಲ. ಸೆಮಿಸ್ಟರು ಮುಗಿಯಲು ಇನ್ನೂ ಸಮಯವಿತ್ತು. ಜಾಗ ಅವನಿಗೆ ಗೊತ್ತಿತ್ತು, ಆಳವಿಲ್ಲದ ಗುಂಡಿಯನ್ನು ಮತ್ತೆ ತೋಡುವುದು ಒಂದು ರಾತ್ರಿಯ ಕೆಲಸ. ಯೋಚನೆಯನ್ನು ತಳ್ಳಿದ, ಅದು ಪಕ್ಕಕ್ಕೆ ಸರಿದು ಅವನ ಜೊತೆಯಲ್ಲೇ ಬಸ್ಸಿಳಿದಿತ್ತು.

"ಸಾಕು ಬಾರೋ," ಎಂದಳು ಕವಿತಕ್ಕ. ಅವನು ಸೊಂಟದವರೆಗೆ ಇಳಿದಿದ್ದ. "ಅಂಗೈಯಗಲದ ಮೂಳೆ ಅದು. ಯಾವ ನಾಯಿ ಬರುತ್ತೋ ಇಷ್ಟು ಆಳಕ್ಕೆ?"

ಅವನು ಹಾರೆಯನ್ನು ಎತ್ತಿ, ಕೆಳಗೆ ಸಿಕ್ಕಿದ್ದ ಕಲ್ಲಿನ ಸಂದಿಗೆ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಮೀಟಿದ.